ಹಲ್ಲಿಲ್ಲದ ಮುದ್ದು

ಅಂಗಳದ ಬೇಲಿಗೆ ಬಾಗಿಲಾಗಿದ್ದ ಉಣಗೋಲಿನ ಮೇಲಿನ ಎರಡು ಬಿದಿರು ಸರಿಸಿ, ಕೆಳಗಿನದಕ್ಕೆ ಕೈ ಹಾಕಿದ ರಂಗಮ್ಮ ಹಾಗೆಯೇ ನಿಂತುಬಿಟ್ಟಳು. ತಲೆಯ ಮೇಲೆ ಸೌದೆಯ ಹೊರೆ. ಊರಲ್ಲಿ ಸಾವಾದರೆ ಮನೆಗೊಂದು ಹೊರೆ ಸೌದೆ ತರುವುದು ಹಿಂದಿನಿಂದ ಬಂದದ್ದು. "ನಾನ್ ಹೊತ್ಕೊಂಡ್ ಹೋಗ್ತೀನಿ, ನೀ ಸುಮ್ನಿರಮ್ಮ" ಎಂದು ಮಗ ಶ್ರೀಕಾಂತ ಹೇಳಿಯೇ ಇದ್ದ. ಸುಮ್ಮನಿರುವ ಜಾಯಮಾನದವಳೇ ಆಗಿದ್ದರೆ ರಂಗಮ್ಮನಿಗೆ ಇವತ್ತು ಈ ಉಣಗೋಲು ಇಷ್ಟು ಭಾರವಾಗುತ್ತಿರಲಿಲ್ಲ. ದಸರೆಯ ಮಾರನೇ ದಿನ ಇದೇ ಜಾಗದಲ್ಲಿ ನಿಂತು ಕೆರಿಯಮ್ಮನಿಗೆ ಬಾಯಿಗೆ ಬಂದದ್ದೆಲ್ಲ ಅಂದು ಹೋದವಳು, ಆಮೇಲೆ ಈ ಕಡೆ ತಲೆ ಹಾಕಿರಲಿಲ್ಲ. ಈಗ ಶಿವರಾತ್ರಿ ಹತ್ತಿರ ಬಂದಿತ್ತು. ಅಂದು ಅನ್ನಿಸಿಕೊಂಡವಳು ಜಗಲಿಯ ಮೇಲೆ ಚಾಪೆಯಲ್ಲಿ ಮಲಗಿದ್ದಳು.

ಅಂಗಳದಿಂದ ದಿನೇಶ್ ಓಡಿ ಬಂದು ಹೊರೆಗೆ ಕೈ ಕೊಟ್ಟ. ಕೆರಿಯಮ್ಮನ ಒಬ್ಬನೇ ಮಗ. ಅತ್ತು ಅತ್ತು ಕಣ್ಣು ಊದಿತ್ತು.

"ಬಾ ಚಿಕ್ಕಮ್ಮ. ರಂಗಿ ಬಂದ್ಲಾ, ರಂಗಿ ಬಂದ್ಲಾ ಅಂತ ಅಪ್ಪ ಬೆಳಗಿಂದ ಕೇಳ್ತಾನೇ ಇದಾರೆ."

"ಬರ್ದೆ ಎಲ್ಲಿಗ್ ಹೋಗ್ತೀನಿ ಮಾರಾಯ?" ಎಂದಳು ರಂಗಮ್ಮ. ಆಡಿದ ಮಾತು ಅವಳಿಗೇ ನಾಚಿಕೆ ತಂದಿತು. ಇಷ್ಟು ದಿನ ಬರದೆ ಇದ್ದವಳು ತಾನೇ ಅಲ್ಲವೇ?

ಜಗಲಿಯ ತುಂಬ ಹೆಂಗಸರು. ಅಂಗಳದ ಮೂಲೆಯಲ್ಲಿ ಗಂಡಸರು ಚಟ್ಟಕ್ಕೆ ಬಿದಿರು ಕಡಿಯುತ್ತಿದ್ದರು. ರಂಗಮ್ಮ ಮೆಟ್ಟಿಲು ಹತ್ತುವಾಗ ಯಾರೋ ಒಬ್ಬಳು ಪಕ್ಕದವಳ ಕಿವಿಯಲ್ಲಿ, "ಈಗ ಬಂದ್ಲು ನೋಡು, ಮಾರಾಯ್ತಿ" ಎಂದದ್ದು ಊರಿಗೇ ಕೇಳುವ ಹಾಗೆ ಕೇಳಿಸಿತು. ಬೇರೆ ದಿನವಾಗಿದ್ದರೆ ಆ ಮಾತಿಗೆ ಉತ್ತರ ಅಲ್ಲಿಯೇ ಸಿಗುತ್ತಿತ್ತು, ಬಡ್ಡಿ ಸಮೇತ. ಇವತ್ತು ರಂಗಮ್ಮ ತಲೆ ತಗ್ಗಿಸಿ ಒಳಗೆ ಬಂದಳು.

ಕೆರಿಯಮ್ಮ ಮುತ್ತೈದೆ ಸಾವು ಪಡೆದವಳು. ಹಣೆಯಲ್ಲಿ ಕಾಸಗಲದ ಕುಂಕುಮ. ಕೆನ್ನೆ ಒಳಗೆ ಸೇರಿಹೋಗಿ ಮುಖ ಚಿಕ್ಕದಾಗಿ ಕಾಣುತ್ತಿತ್ತು. ರಂಗಮ್ಮನಿಗೆ ಅಳು ಬರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ: ಇವಳು ಕಣ್ಣು ಬಿಟ್ಟು ತನ್ನನ್ನು ಒಂದು ಬೈಯಬೇಕು. ಎಷ್ಟು ಬೈದರೂ ಸರಿ. ಇಡೀ ಚಳಿಗಾಲ ಸಂಜೆಯಾದರೆ ಮೆಟ್ಟಿಲ ಮೇಲೆ ಕುಳಿತು ದಾರಿ ನೋಡಿದ್ದು ಆ ಬೈಗುಳಕ್ಕೇ. ಅದು ಇನ್ನು ಬರುವುದಿಲ್ಲ.

ಕಂಬಕ್ಕೆ ಒರಗಿದ್ದ ಕೆರಿಯಮ್ಮನ ಗಂಡ ನಿಂಗಪ್ಪ ಅವಳನ್ನು ಕಂಡು ಸ್ವಲ್ಪ ನೆಟ್ಟಗೆ ಕುಳಿತ. "ಬೆಳಗಿನ್ ಜಾವ ನೀರ್ ಕೇಳಿದ್ಲು ರಂಗಮ್ಮ. ನಾ ಒಳಗ್ ಹೋಗಿ ತರೋದ್ರೊಳಗೆ ಆಗ್ಹೋಯ್ತು. ಕೂಸು ಪಕ್ಕದಲ್ಲೇ ಮಲ್ಗಿತ್ತು. ಅದ್ಕೂ ಗೊತ್ತಾಗ್ಲಿಲ್ಲ."

ಕೂಸು ಎಂದರೆ ದಿನೇಶನ ಮಗಳು ಲಿಖಿತಾ. ಮೂರು ತುಂಬಿದ್ದಷ್ಟೆ. ಈಗ ಹಿತ್ತಲಲ್ಲಿ ಅಂಗನವಾಡಿ ಟೀಚರ್ ವಿಶಾಲಮ್ಮನ ಜೊತೆ ಇದ್ದಳು. 'ಕೂಸು ಎಲ್ಲಿ' ಎಂದು ಕೇಳಬೇಕೆಂದು ರಂಗಮ್ಮನ ನಾಲಿಗೆಯ ತುದಿಗೆ ಬಂತು. ಕೇಳುವ ಮುಖ ಇರಲಿಲ್ಲ.

ಅಷ್ಟರಲ್ಲಿ ಮೂಲೆಯ ಅಜ್ಜಿಯೊಂದು ಬಾಯಿ ತೆರೆಯಿತು. "ಹೆಣದ್ ಹತ್ರ ಆ ಕೂಸ್ನ ಬಿಡ್ಬೇಡ್ರೇ. ಮೊದ್ಲೇ ಕಚ್ಚೋ ಬುದ್ಧಿ ಅದ್ಕೆ."

ಜಗಲಿಯಲ್ಲಿದ್ದ ಕಣ್ಣೆಲ್ಲ ರಂಗಮ್ಮನ ಕಡೆ ತಿರುಗಿದವು. ಆ ಹೆಸರನ್ನು ಕೂಸಿಗೆ ಕಟ್ಟಿದವಳು ಯಾರೆಂದು ಊರಿಗೆಲ್ಲ ಗೊತ್ತಿತ್ತು.

*

ಕೆರಿಯಮ್ಮನ ಬಾಯಲ್ಲಿ ಹಲ್ಲೆಂಬುದು ಒಂದೂ ಉಳಿದಿರಲಿಲ್ಲ. ಸಾಗರಕ್ಕೆ ಕರೆದುಕೊಂಡು ಹೋಗಿ ಮಗ ಕಟ್ಟಿಸಿಕೊಟ್ಟ ಹಲ್ಲಿನ ಸೆಟ್ಟು ಒಸಡಿಗೆ ಒತ್ತುತ್ತದೆಂದು ಡಬ್ಬಿ ಸೇರಿತ್ತು. ಮದುವೆ ಮನೆಗೆ ಹೋಗುವಾಗ ಮಾತ್ರ ಅದು ಹೊರಗೆ ಬರುತ್ತಿತ್ತು. ಅಲ್ಲಿಯೂ ಊಟದ ಎಲೆ ಹಾಕಿದ ಕೂಡಲೇ ತೆಗೆದು ಸೆರಗಿಗೆ ಕಟ್ಟಿಕೊಂಡುಬಿಡುತ್ತಿದ್ದಳು. "ಹಲ್ ಇಟ್ಕೊಂಡು ಉಣ್ಣೋಕಾಗಲ್ಲ ಕಣೆ" ಎನ್ನುವವಳನ್ನು ಕಂಡು ರಂಗಮ್ಮ ಪಂಕ್ತಿಯಲ್ಲೇ ಬಿದ್ದು ಬಿದ್ದು ನಗುತ್ತಿದ್ದಳು.

ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ಕೆರಿಯಮ್ಮ ಸಾಗರದ ಕಡೆಯವಳು, ರಂಗಮ್ಮ ತೀರ್ಥಹಳ್ಳಿ ಹತ್ತಿರದ ಮೇಳಿಗೆಯವಳು. ಗೇಣಿ ಗದ್ದೆಯಲ್ಲಿ ಒಟ್ಟಿಗೆ ಬಗ್ಗಿ ನಟ್ಟಿ ಮಾಡಿದ್ದರು, ಗದ್ದೆ ಸ್ವಂತದ್ದಾದ ಮೇಲೂ ಒಟ್ಟಿಗೇ ಬಗ್ಗಿದ್ದರು. ಒಬ್ಬಳ ಮನೆಯಲ್ಲಿ ಮೀನು ಬೇಯುತ್ತಿದ್ದರೆ ಇನ್ನೊಬ್ಬಳು ಅನ್ನಕ್ಕೆ ಮಾತ್ರ ಎಸರಿಡುತ್ತಿದ್ದಳು. ಮೊಮ್ಮಕ್ಕಳೂ ಹೆಚ್ಚು ಕಡಿಮೆ ಒಟ್ಟಿಗೇ ಹುಟ್ಟಿದವು; ಇಲ್ಲಿ ಲಿಖಿತಾ, ಅಲ್ಲಿ ಪ್ರಜ್ವಲ್.

ಕೆರಿಯಮ್ಮನ ಸೊಸೆ ಭವ್ಯಾ ಪಂಚಾಯ್ತಿ ಲೈಬ್ರರಿಯ ಕೆಲಸಕ್ಕೆ ಹೋದರೆ ಕೂಸಿಗೆ ಇಡೀ ದಿನ ಅಜ್ಜಿಯೇ. ಅಜ್ಜಿ ಮೊಮ್ಮಗಳ ನಡುವೆ ಒಂದು ಆಟವಿತ್ತು.

"ಇದ್ಯಾರ ಕೈ?"

"ನಂದು!"

"ಅಲ್ಲ, ಇದು ನಂದು. ನಾ ತಿಂದ್ಬಿಡ್ತೀನಿ."

ಕೈಯನ್ನು ಬಾಯಿಗೆ ಹಾಕಿ, ಹಲ್ಲಿಲ್ಲದ ಒಸಡಲ್ಲಿ ಮೆಲ್ಲಗೆ ಕಚ್ಚುವುದು. ಕೂಸು ಕೇಕೆ ಹಾಕಿ ನಕ್ಕು ಇನ್ನೊಂದು ಕೈ ಚಾಚುವುದು. ಆಮೇಲೆ ಕೆನ್ನೆ, ಆಮೇಲೆ ಹೊಟ್ಟೆ, ಆಮೇಲೆ ಕಾಲು. ಲಿಖಿತಾಳ ಮಟ್ಟಿಗೆ ಪ್ರೀತಿ ಎಂದರೆ ಅದೇ. ಯಾರ ಮೇಲೆ ಪ್ರೀತಿಯೋ ಅವರನ್ನು ಬಾಯಿ ತುಂಬ ಹಿಡಿಯಬೇಕು.

ಅಂಗನವಾಡಿಗೆ ಸೇರಿದಾಗ ಅವಳಿಗೆ ಎಲ್ಲರಿಗಿಂತ ಹಿಡಿಸಿದವನು ಪ್ರಜ್ವಲ್. ಗುಂಡು ಗುಂಡಗೆ ಇದ್ದ, ಕೆನ್ನೆ ಉಬ್ಬಿಕೊಂಡಿತ್ತು. ದಸರೆಗೆ ನಾಲ್ಕು ದಿನ ಅಜ್ಜನ ಮನೆಗೆ ಹೋಗಿದ್ದವನು ವಾಪಸು ಬಂದ ಖುಷಿಗೆ ಲಿಖಿತಾ ಓಡಿ ಹೋಗಿ ಅವನ ಕೆನ್ನೆ ಹಿಡಿದುಬಿಟ್ಟಳು. ಅವಳ ಬಾಯಲ್ಲಿ ಹಾಲು ಹಲ್ಲು ಅಷ್ಟೂ ಇದ್ದವು.

ಹುಡುಗನಿಗೆ ಇಂಜೆಕ್ಷನ್ ಹಾಕಿಸಿಕೊಂಡು ಬಂದವಳೇ ರಂಗಮ್ಮ ಉಣಗೋಲಿನ ಹತ್ತಿರ ನಿಂತು ಶುರುಮಾಡಿದಳು. "ಕೂಸ್ ಸಾಕಿದೀರೋ ನಾಯಿಮರಿ ಸಾಕಿದೀರೋ? ಹುಡ್ಗನ್ ಕೆನ್ನೆ ನೋಡೇ ಇಲ್ಲಿ!"

"ಆಡೋ ಮಕ್ಳು ಕಣೆ ರಂಗಿ. ಅದ್ಕೆ ಎಂತ ಗೊತ್ತಾಗ್ತದೆ?"

"ಗೊತ್ತಾಗಲ್ಲ ಅಂದ್ರೆ ಕಟ್ಹಾಕು! ನಿನ್ ಮೊಮ್ಮಗಳು ಸರಿಯಾಗೋ ತನ್ಕ ನಮ್ ಮೆಟ್ಲು ಹತ್ಬೇಡ, ನೋಡು ಮತ್ತೆ. ಕಚ್ಚೋ ಜಾತಿ!"

ಮುಂದಿನ ವಾರವೇ ಪ್ರಜ್ವಲ್‌ನನ್ನು ಅಂಗನವಾಡಿ ಬಿಡಿಸಿ ಹೊಸನಗರದ ಕಾನ್ವೆಂಟಿನ ವ್ಯಾನಿಗೆ ಹತ್ತಿಸಿದರು. ರಂಗಮ್ಮನ ಸಿಟ್ಟು ಹಾಲು ಉಕ್ಕಿದ ಹಾಗೆ, ಉಕ್ಕುತ್ತದೆ, ಇಳಿಯುತ್ತದೆ. ದೀಪಾವಳಿಯ ಹೊತ್ತಿಗೆ ಇಳಿದೇ ಹೋಗಿತ್ತು. ಕೆರಿ ಬರುತ್ತಾಳೆ, ಬಂದು ನಾಲ್ಕು ಮಾತು ಆಡುತ್ತಾಳೆ, ತಾನೂ ನಾಲ್ಕು ಆಡಿದರೆ ಮುಗಿಯಿತು ಎಂದುಕೊಂಡಿದ್ದಳು. ಕೆರಿ ಬರಲಿಲ್ಲ. ಮೊದಲು ತಾನೇ ಹೋಗುವುದು ಹೇಗೆ? ಬಾಯಿ ಮಾಡಿದವಳಿಗೆ ಬಾಯಿಗಿಂತ ದೊಡ್ಡ ಮಾನ ಇರುತ್ತದಲ್ಲ.

*

ಹಂಡೆಯಲ್ಲಿ ನೀರು ಕಾದಿತ್ತು. ಮೀಯಿಸಲು ಹೆಂಗಸರು ಎದ್ದಾಗ ರಂಗಮ್ಮ ಹಿಂದೆಯೇ ಉಳಿದಳು. ಭವ್ಯಾ ಬಂದು ಅವಳ ಕೈಗೆ ಚೊಂಬು ಕೊಟ್ಟಳು.

"ರಂಗತ್ತೆ, ತಲೆಗೆ ನೀವೇ ಹಾಕಿ."

"ನಾನಾ? ನಾ ಬೇಡ ಕಣೆ. ಏನೇನೋ ಅಂದಿದೀನಿ ಅವ್ಳಿಗೆ."

"ಅಂದಿದ್ದು ನಿಮ್ಗೆ ಅವ್ರಿಗೆ. ನಂಗೆಂತ ಗೊತ್ತು? ಹಾಕಿ."

ರಂಗಮ್ಮ ಬೆಚ್ಚಗಿನ ನೀರು ಸುರಿದು ಆ ಬಿಳಿ ಕೂದಲನ್ನು ಬೆರಳಲ್ಲಿ ಬಿಡಿಸಿದಳು. ಎಷ್ಟು ಸಲ ಈ ತಲೆಯ ಹೇನು ತೆಗೆದಿಲ್ಲ, ಎಷ್ಟು ಸಲ ಎಣ್ಣೆ ಒತ್ತಿಲ್ಲ! ಆಗಲೂ ಕೆರಿ ಹೀಗೇ ಕಣ್ಣು ಮುಚ್ಚಿಕೊಂಡು ಇರುತ್ತಿದ್ದಳು, ಆದರೆ ಬಾಯಿ ಮಾತ್ರ ಮುಚ್ಚುತ್ತಿರಲಿಲ್ಲ. ಹೊಸ ಸೀರೆ ಉಡಿಸಿ, ಅರಿಶಿನ ಹಚ್ಚಿ, ಮತ್ತೆ ಕುಂಕುಮವಿಟ್ಟಾದ ಮೇಲೆ ರಂಗಮ್ಮ ಕೈ ಒರೆಸಿಕೊಂಡಳು. ಹಿತ್ತಲಿನ ಮೆಟ್ಟಿಲ ಮೇಲೆ ಹೋಗಿ ಕುಳಿತಳು.

ಅಲ್ಲಿ ವಿಶಾಲಮ್ಮ ಟೀಚರ್ ಲಿಖಿತಾಳಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದಳು. ಕೂಸು ರಂಗಮ್ಮನನ್ನು ಒಮ್ಮೆ ನೋಡಿ, ಗುರುತು ಹತ್ತದೆ, ಕೋಳಿಮರಿಗಳ ಹಿಂದೆ ಹೋಯಿತು. ಹುಟ್ಟಿದ ದಿನದಿಂದ ಎತ್ತಿ ಆಡಿಸಿದ ಕೂಸು ತನ್ನ ಮುಖ ಮರೆತಿದೆ ಎಂಬುದು ರಂಗಮ್ಮನಿಗೆ ಚುರುಕ್ಕೆಂದಿತು. ಒಳಗಿದ್ದದ್ದು ಹೊರಗೆ ಬಂತು.

"ಎಂಥ ಜಂಬ ನೋಡಿ ಟೀಚ್ರೆ ಅವ್ಳಿಗೆ! ಒಂದ್ಸಲ, ಒಂದೇ ಒಂದ್ಸಲ ನಮ್ಮನೆ ಕಡೆ ಬರ್ಬಾರ್ದಿತ್ತಾ? ದಿನಾ ಸಂಜೆ ಮೆಟ್ಲ ಮೇಲೆ ಕೂತು ದಾರಿ ಕಾಯ್ದೆ. ಸತ್ರೂ ಸೋಲಬಾರ್ದು ಅಂತ ಹೀಗ್ ಹೋಗ್ಬಿಟ್ಲಾ?"

ವಿಶಾಲಮ್ಮ ಕೈ ತೊಳೆದುಕೊಂಡು ಅವಳ ಪಕ್ಕ ಕುಳಿತಳು. "ಜಂಬ ಅಲ್ಲ ರಂಗಮ್ಮ. ಮೊಮ್ಮಗಳು ಸರಿಯಾಗೋ ತನ್ಕ ಮೆಟ್ಲು ಹತ್ಬೇಡ ಅಂತ ನೀವೇ ಅಂದಿದ್ರಂತಲ್ಲ?"

"ಸಿಟ್ಟಲ್ಲಿ ಅಂದಿದ್ದು ಅದು! ಅದನ್ನೆಲ್ಲ ಯಾರಾದ್ರೂ ಹಿಡ್ಕೊಂಡ್ ಕೂರ್ತಾರಾ?"

"ಅವ್ರು ಹಿಡ್ಕೊಂಡಿದ್ರು," ಎಂದಳು ವಿಶಾಲಮ್ಮ.

*

ಜಗಳದ ಮಾರನೇ ಬೆಳಿಗ್ಗೆ ಕೆರಿಯಮ್ಮ ಅಂಗನವಾಡಿಗೆ ಹೋದದ್ದು ಟೀಚರಿಗೆ ನಾಲ್ಕು ಮಾತು ಬಿಗಿಯಲೆಂದೇ. "ನಮ್ಮನೇಲಿ ಕಚ್ಚೋರು ಯಾರೂ ಇಲ್ಲ. ಇಲ್ಲೇ ಯಾವ್ದೋ ಹುಡ್ಗನ್ನ ನೋಡಿ ಕಲ್ತಿದೆ. ನೀವು ಎಂತ ನೋಡ್ಕೊಳ್ತೀರಿ ಹಂಗಾರೆ?" ಎಂದು ಬಾಗಿಲಲ್ಲೇ ಶುರುಮಾಡಿದಳು. ಅಜ್ಜಿಯ ದನಿ ಕೇಳಿ ಲಿಖಿತಾ ಓಡಿ ಬಂದಳು. ಕೆರಿಯಮ್ಮ ಮಾತು ನಿಲ್ಲಿಸದೆ ಅವಳನ್ನು ಎತ್ತಿಕೊಂಡು, "ಇದ್ಯಾರ ಕೆನ್ನೆ?" ಎಂದು ಕೇಳಿ, ಟೀಚರ ಎದುರಿಗೇ ಆ ಕೆನ್ನೆಯನ್ನು ಬಾಯಲ್ಲಿ ಹಿಡಿದಳು.

ವಿಶಾಲಮ್ಮನಿಗೆ ನಗು ತಡೆಯಲಾಗಲಿಲ್ಲ. ಅವಳು ಯಾಕೆ ನಗುತ್ತಿದ್ದಾಳೆಂದು ಕೆರಿಯಮ್ಮನಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಗೊತ್ತಾದಾಗ ಕೂಸನ್ನು ಕೆಳಗಿಳಿಸಿ ಹೊಸ್ತಿಲ ಮೇಲೆ ಕುಸಿದಳು.

"ಅಯ್ಯೋ ದೇವ್ರೆ! ನಾನೇ ಕಲ್ಸಿದ್ದಾ?"

ತನ್ನ ಬಾಯಲ್ಲಿ ಹಲ್ಲಿಲ್ಲ, ಅದರ ಬಾಯಲ್ಲಿ ಇದೆ. ಇಷ್ಟು ಸಣ್ಣ ಸಂಗತಿ ತಲೆಗೆ ಹೊಳೆದಿರಲಿಲ್ಲವಲ್ಲ ಎಂದು ಹಣೆ ಹಣೆ ಬಡಿದುಕೊಂಡಳು. ಇನ್ನೆಂತ, ಎರಡು ಏಟು ಕೊಟ್ಟು ಬಿಡಿಸುತ್ತೇನೆ ಎಂದೂ ಅಂದಳು.

"ಹೊಡೆದ್ರೆ ಬಿಡಲ್ಲ ಕೆರಿಯಮ್ಮ. ಅದು ಸಿಟ್ಟಿಗೆ ಕಚ್ಚಿದ್ದಲ್ಲ, ಮುದ್ದಿಗೆ. ಮುದ್ದು ಬಂದಾಗ ಮಾಡೋಕೆ ಬೇರೆ ಏನಾದ್ರೂ ಕೊಡ್ಬೇಕು."

ಮೊದಲು ಅಪ್ಪಿಕೊಳ್ಳುವುದನ್ನು ಕಲಿಸಿದರು. ಲಿಖಿತಾ ಅಪ್ಪಿಕೊಂಡ ರಭಸಕ್ಕೆ ಚಿಕ್ಕ ಮಕ್ಕಳು ದಬದಬ ಬಿದ್ದವು. ಅದು ಆಗುವುದಿಲ್ಲವೆಂದು ಕೆರಿಯಮ್ಮನೇ ಇನ್ನೊಂದು ದಾರಿ ತೆಗೆದಳು. ಎರಡೂ ಅಂಗೈಯಲ್ಲಿ ಎದುರಿನ ಮಗುವಿನ ಕೆನ್ನೆ ಸವರಿ, ಆಮೇಲೆ ಬೆರಳು ಮಡಿಸಿ ತನ್ನ ಹಣೆಯ ಪಕ್ಕಕ್ಕೆ ಒತ್ತಿ ನೆಟಿಗೆ ಮುರಿಯುವುದು, ದೃಷ್ಟಿ ತೆಗೆಯುವ ಹಾಗೆ. ಅವಳು ದಿನವೂ ಬಂದು ಅಂಗನವಾಡಿಯ ಬಾಗಿಲಲ್ಲಿ ಕಾಲು ಚಾಚಿ ಕೂರುತ್ತಿದ್ದಳು. ಲಿಖಿತಾ ಬಾಯಿ ತೆರೆದುಕೊಂಡು ಯಾರ ಕಡೆ ಹೊರಟರೂ ಅಲ್ಲಿಂದಲೇ ಕೂಗು: "ಲಿಖೀ, ಬಾಯಿ ಅಲ್ಲ, ಕೈ!"

ಎಳೆ ಬೆರಳಲ್ಲಿ ನೆಟಿಗೆ ಮುರಿಯುತ್ತದೆಯೇ? ಸದ್ದು ಬರುತ್ತಿರಲಿಲ್ಲ. ಕೂಸು ಅದಕ್ಕೆ ಬಾಯಲ್ಲೇ "ಟಕ್" ಅನ್ನುವುದನ್ನು ಕಂಡುಕೊಂಡಿತು. ಒಬ್ಬರು ತೆಗೆದರೆ ಇನ್ನೊಬ್ಬರು ತಿರುಗಿ ತೆಗೆಯಬೇಕು, ಅದು ಕಾನೂನು. ಸ್ವಲ್ಪ ದಿನದಲ್ಲಿ ಇಡೀ ಅಂಗನವಾಡಿ ಒಬ್ಬರಿಗೊಬ್ಬರು ದೃಷ್ಟಿ ತೆಗೆಯುತ್ತ ಕೂತು ಉಪ್ಪಿಟ್ಟು ಆರಿ ತಣ್ಣಗಾಗುವಂತಾಯಿತು.

ಕಷ್ಟವಾದದ್ದು ಕೆರಿಯಮ್ಮನಿಗೆ. ಮನೆಯಲ್ಲಿ ತಾನು ಆ ಆಟ ಬಿಡದೆ ಕೂಸು ಬಿಡುವುದಿಲ್ಲವಲ್ಲ. ಮರೆತು ಬಾಯಿ ಹತ್ತಿರ ತಂದರೆ ಕೂಸೇ ಬೆರಳು ಎತ್ತಿ, "ಅಜ್ಜೀ, ಬಾಯಿ ಅಲ್ಲ" ಎನ್ನುತ್ತಿತ್ತು. ನಿದ್ದೆ ಹೋದ ಕೂಸಿನ ಕೆನ್ನೆಯವರೆಗೆ ಅತ್ತೆ ಬಾಯಿ ಒಯ್ದು, ಹಾಗೇ ಹಿಂದೆ ತೆಗೆದುಕೊಳ್ಳುವುದನ್ನು ಭವ್ಯಾ ನೋಡಿದ್ದಳು. ಆಗ ಅತ್ತೆಯ ಮುಖ ನೋಡಲಾಗುತ್ತಿರಲಿಲ್ಲ ಎಂದು ಟೀಚರ ಹತ್ತಿರ ಹೇಳಿಕೊಂಡಿದ್ದಳು.

"ಇನ್ನ್ ಸಾಕು, ಕರ್ಕೊಂಡ್ ಹೋಗಿ ರಂಗಮ್ಮನ ಮನೆಗೆ" ಎಂದು ವಿಶಾಲಮ್ಮ ಎಷ್ಟೋ ಸಲ ಹೇಳಿದಳು. ಸಂಕ್ರಾಂತಿಗೆ ಹೊರಟದ್ದೂ ಹೌದು. ಅದರ ಹಿಂದಿನ ದಿನ ಲಿಖಿತಾ ಯಾವುದೋ ಸಂತೋಷಕ್ಕೆ ಆಯಾಳ ಬೆರಳು ಕಚ್ಚಿಬಿಟ್ಟಳು. ಕೆರಿಯಮ್ಮ ಹೊರಟದ್ದನ್ನು ನಿಲ್ಲಿಸಿದಳು.

"ಹೋಗಿ ಆ ಹುಡ್ಗನ್ನ ಇನ್ನೊಂದ್ಸಲ ಕಚ್ಚಿದ್ರೆ ರಂಗಿ ಈ ಜನ್ಮದಲ್ಲಿ ಮಾತಾಡಲ್ಲ ಟೀಚ್ರೆ. ಪೂರ್ತಿ ಕಲೀಲಿ. ಶಿವರಾತ್ರಿಗೆ ಹೋಗ್ತೀನಿ. ಅವ್ಳ ಹತ್ರ ಮಾತಾಡ್ದೆ ನಂಗೆ ಉಂಡಿದ್ದು ಮೈಗ್ ಹತ್ತಲ್ಲ. ಆದ್ರೂ ತಡ್ಕೊಳ್ತೀನಿ."

*

ರಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಬೆಳಗಿನಿಂದ ಬಾರದಿದ್ದ ಅಳು ಈಗ ಬಂತು. "ನನ್ ನಾಲ್ಗೆಗೆ ಹುಳ ಬೀಳ," ಎಂದು ತನ್ನನ್ನೇ ಬೈದುಕೊಂಡಳು. "ಬಂದಿದ್ರೆ ಆಗ್ತಿತ್ತಲ್ಲೇ ಕೆರೀ. ಕಚ್ಚಿದ್ರೆ ಕಚ್ತಿತ್ತು!" ವಿಶಾಲಮ್ಮ ಅವಳ ಬೆನ್ನ ಮೇಲೆ ಕೈ ಇಟ್ಟಳು.

"ಕೂಸ್ನ ಕರ್ಕೊಂಡ್ ಬನ್ನಿ," ಎಂದು ಅಂಗಳದಿಂದ ನಿಂಗಪ್ಪನ ದನಿ ಕೇಳಿಸಿತು.

ಕೆರಿಯಮ್ಮನನ್ನು ಚಟ್ಟದ ಮೇಲೆ ಮಲಗಿಸಿ ಹೂ ಹಾಕಿದ್ದರು. ಮೂಲೆಯ ಅಜ್ಜಿ ಮತ್ತೆ, "ಬೇಡ ಅಂದ್ನಲ್ಲ" ಎಂದು ಶುರುಮಾಡಿತು. ನಿಂಗಪ್ಪ ಎಂದೂ ದೊಡ್ಡ ದನಿಯಲ್ಲಿ ಮಾತಾಡಿದವನಲ್ಲ. "ಅದ್ರ ಅಜ್ಜಿ ಅವ್ಳು. ಅದು ನೋಡ್ದೆ ಇನ್ಯಾರ್ ನೋಡ್ಬೇಕು?" ಎಂದು ಗದರಿದ.

ಭವ್ಯಾ ಮಗಳನ್ನು ಕೆಳಗಿಳಿಸಿದಳು. ಲಿಖಿತಾ ಹೂವನ್ನೂ ಹೊಸ ಸೀರೆಯನ್ನೂ ನೋಡಿ, "ಅಜ್ಜಿ ಚಂದ" ಎಂದಳು. ಬಗ್ಗಿ ಎರಡೂ ಅಂಗೈಯನ್ನು ಅಜ್ಜಿಯ ಕೆನ್ನೆಗೆ ಇಟ್ಟಳು. ತಣ್ಣಗಿತ್ತೆಂದು ಕಾಣುತ್ತದೆ, ಕೈ ಹಿಂದೆ ತೆಗೆದು ಅಮ್ಮನ ಮುಖ ನೋಡಿದಳು. ಮತ್ತೆ ಇಟ್ಟು ಮೆಲ್ಲಗೆ ಸವರಿ, ಬೆರಳು ಮಡಿಸಿ ತನ್ನ ಹಣೆಯ ಪಕ್ಕಕ್ಕೆ ಒತ್ತಿ, "ಟಕ್" ಎಂದಳು.

ಆಮೇಲೆ ತನ್ನ ಮುಖವನ್ನು ಮುಂದೆ ಚಾಚಿ ಕಾದಳು.

"ಅಜ್ಜೀ. ಈಗ ನಂಗೆ."

ಜಗಲಿಯ ಹೆಂಗಸರು ಒಬ್ಬರೂ ಉಳಿಯದೆ ಅತ್ತರು. ಕೂಸು ಮುಖ ಹಿಂದೆ ತೆಗೆಯಲಿಲ್ಲ. ಅಜ್ಜಿಗೆ ಸುಲಭವಾಗಲೆಂದು ಇನ್ನಷ್ಟು ಬಗ್ಗಿತು. ರಂಗಮ್ಮ ತನ್ನ ಎರಡೂ ಕೈ ಮುಂದೆ ಚಾಚಿದಳು. ಗುರುತಿಲ್ಲದವಳ ಕೈ ಅದಕ್ಕೆ ಬೇಡವೆಂದು ಹಿಂದೆ ತೆಗೆದುಕೊಂಡಳು. ಯಾರೋ ಹಿರಿಯರು, "ಹೊತ್ತಾಯ್ತು, ಎತ್ರಪ್ಪಾ" ಎಂದರು. ದಿನೇಶ್ ಮಡಕೆ ಹಿಡಿದು ಮುಂದೆ ನಡೆದ. ಗಂಡಸರು ಚಟ್ಟಕ್ಕೆ ಹೆಗಲು ಕೊಟ್ಟರು.

ತನಗೆ ಕೊಡಬೇಕಾದ್ದು ಕೊಡದೆ ಅಜ್ಜಿ ಹೋಗುತ್ತಿದ್ದಾಳೆಂದು ಕೂಸಿಗೆ ತಿಳಿಯಿತು. "ನಂಗೆ! ಅಜ್ಜೀ, ನಂಗೆ!" ಎಂದು ಚೀರುತ್ತ ಗಂಡಸರ ಕಾಲುಗಳ ನಡುವೆ ನುಗ್ಗಿತು. ಹತ್ತಿರವಿದ್ದವಳು ರಂಗಮ್ಮ. ಉಣಗೋಲಿನ ಹತ್ತಿರ ಅದರ ಸೊಂಟ ಹಿಡಿದು ಎತ್ತಿಕೊಂಡಳು. ಕೂಸು ಒದ್ದಿತು, ಕೂದಲು ಎಳೆಯಿತು. ಯಾವುದಕ್ಕೂ ಬಿಡದಿದ್ದಾಗ ಮೊಣಕೈ ಕೆಳಗೆ ಬಾಯಿ ಹಾಕಿ ಕಚ್ಚಿತು. ಇದು ಮುದ್ದಿಗಲ್ಲ.

"ಅಯ್ಯೋ, ಬಿಡೇ ಲಿಖೀ! ಬಾಯಿ ಅಲ್ಲ..." ಎಂದು ಓಡಿ ಬಂದ ಭವ್ಯಾ ಅಲ್ಲಿಗೇ ನಿಂತಳು. ಅದು ಅತ್ತೆ ಕೂಗುತ್ತಿದ್ದ ಮಾತು.

"ಬಿಡು ಭವ್ಯಾ. ಇವತ್ತೊಂದಿನ ಬಿಡು." ನೋವಿಗೆ ರಂಗಮ್ಮನ ಕಣ್ಣಲ್ಲಿ ನೀರು ದಳದಳ ಇಳಿಯಿತು. ಕೈ ಎಳೆದುಕೊಳ್ಳಲಿಲ್ಲ. ಇನ್ನೊಂದು ಕೈಯಲ್ಲಿ ಆ ಪುಟ್ಟ ತಲೆಯನ್ನು ತನ್ನ ಕಡೆಗೇ ಒತ್ತಿಕೊಂಡಳು. "ಕಚ್ಚು ಮಗಾ, ಕಚ್ಚು." ವಿಶಾಲಮ್ಮ ಟೀಚರ್ ನೋಡಿಯೂ ನೋಡದವಳಂತೆ ಆ ಕಡೆ ತಿರುಗಿದಳು.

ಚಟ್ಟ ರಸ್ತೆಯ ತಿರುವು ದಾಟಿ ಮರೆಯಾದ ಮೇಲೆ ಕೂಸಿನ ದವಡೆ ಸಡಿಲವಾಯಿತು. ಬಿಕ್ಕುತ್ತ ಬಿಕ್ಕುತ್ತ ರಂಗಮ್ಮನ ಹೆಗಲ ಮೇಲೆಯೇ ಅದಕ್ಕೆ ನಿದ್ದೆ ಬಂತು.

ಸಂಜೆಗೆ ಮೊದಲು ಹೆಂಗಸರೆಲ್ಲ ಮೈಲಿಗೆ ಕಳೆಯಲು ಹಳ್ಳಕ್ಕೆ ಇಳಿದರು. ಮನೆಗೆ ಹೋಗುವ ಮೊದಲು ಎಲ್ಲರೂ ಮುಳುಗಬೇಕು. "ಅರಿಶಿನ ಹಚ್ಕೊಳೆ ರಂಗಕ್ಕ, ಬಾತ್ಕೊಳ್ತದೆ" ಎಂದು ಒಬ್ಬಳು ಹೇಳಿದಳು. ರಂಗಮ್ಮ ಸೊಂಟದ ಮಟ್ಟದ ನೀರಿಗೆ ನಡೆದು, ಮೂಗು ಹಿಡಿದು, ಮುಳುಗಿದಳು. ತಲೆ ಮುಳುಗಿತು, ಹೆಗಲು ಮುಳುಗಿತು. ಹಲ್ಲಿನ ಗುರುತು ಮೂಡಿದ್ದ ಎಡಗೈ ಮಾತ್ರ ನೆಟ್ಟಗೆ ನೀರಿನ ಮೇಲೆ, ಒದ್ದೆಯಾಗದೆ ನಿಂತಿತ್ತು.